ರಾಯಚೂರಿನ ಬಿಸಿಲಿಗೆ ವ್ಯಾಂಪೈರ್ ಸುಡುತ್ತದೆಯೇ?

ಪ್ರಶ್ನೆ: ನಾವು ರಾಯಚೂರಿನ ಆರು ಮಂದಿ ಗೆಳೆಯರು. ಭಾನುವಾರಕ್ಕೊಮ್ಮೆ ಕೂಡಿ ವ್ಯಾಂಪೈರ್ ಬರೋ ಸೈನ್ಸ್ ಫಿಕ್ಷನ್ ಸೀರಿಯಲ್ ನೋಡ್ತೀವಿ, ನೋಡಿದ ಮ್ಯಾಲೆ ಜಗಳ ಆಡ್ತೀವಿ. ಬಿಸಿಲಿಗೆ ಸುಡೋದು ಖರೆ ನಿಯಮ ಏನು, ಸಿನಿಮಾದವರು ಹಚ್ಚಿದ್ದೋ? ಬೆಳದಿಂಗಳೂ ಸೂರ್ಯನ ಬೆಳಕೇ ಅಲ್ಲೇನು, ಅದಕ್ಕ್ಯಾಕ ಸುಡಂಗಿಲ್ಲ? ಕನ್ನಡಿಯೊಳಗ ಕಾಣದವ ಸಿಸಿಟಿವಿಯೊಳಗ ಕಾಣ್ತಾನೇನು? ದಿನಕ್ಕ ಎಷ್ಟು ರಕ್ತ ಬೇಕು? ಒಬ್ಬ ಇದೆಲ್ಲ ಪೋರ್ಫೈರಿಯಾ ಅನ್ನೋ ರೋಗ ಅಂತಾನೆ. ಇನ್ನೊಬ್ಬ, ನಮ್ಮಲ್ಲಿ ಹೆಣ ಸುಡ್ತಾರ, ಅದಕ್ಕೇ ವ್ಯಾಂಪೈರ್ ಇಲ್ಲ ಅಂತಾನೆ. ಶಕ್ತಿನಗರದ ಸುತ್ತ ನಡೆಯೋ ಆರು ಕಂತಿನ ಆಡಿಯೊ ನಾಟಕ ಬರೀಬೇಕು ಅಂತ ಮಾಡೀವಿ. ಯಾವ ನಿಯಮ ಇಟ್ಕೊಳ್ಳೋಣ, ಯಾವುದು ಬಿಡೋಣ?

ಉತ್ತರ: ಬಿಸಿಲಿನಿಂದಲೇ ಶುರು ಮಾಡೋಣ, ನಿಮ್ಮ ಜಗಳದಲ್ಲಿ ಅರ್ಧ ಅಲ್ಲೇ ತೀರುತ್ತದೆ.

ಬಿಸಿಲಿಗೆ ಸಾಯುವ ವ್ಯಾಂಪೈರ್ ಹುಟ್ಟಿದ್ದು 1922ರಲ್ಲಿ, ಜರ್ಮನಿಯ ಮೂಕಿ ಚಿತ್ರ 'ನೊಸ್ಫೆರಾಟು'ವಿನಲ್ಲಿ. ಅದಕ್ಕೆ 25 ವರ್ಷ ಮೊದಲು, 1897ರಲ್ಲಿ ಬಂದ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿಯ ವ್ಯಾಂಪೈರ್ ಕೌಂಟ್ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ಓಡಾಡುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಗ್ಗುತ್ತದೆ, ಬೇಕೆಂದಾಗ ರೂಪ ಬದಲಿಸಲು ಆಗುವುದಿಲ್ಲ, ಅಷ್ಟೇ. ಅವನನ್ನು ಕೊನೆಗೆ ಮುಗಿಸುವುದು ಮರದ ಗೂಟವೂ ಅಲ್ಲ. ಗಂಟಲಿಗೆ ಗೂರ್ಖಾಗಳ ಕುಕ್ರಿ ಬೀಳುತ್ತದೆ, ಎದೆಗೆ ಬೋವಿ ಚಾಕು. 1872ರ 'ಕಾರ್ಮಿಲಾ' ಕಥೆಯ ವ್ಯಾಂಪೈರ್ ಕೂಡ ಮಧ್ಯಾಹ್ನ ಎದ್ದು ಹೊರಗೆ ಅಡ್ಡಾಡುವವಳೇ. ಇನ್ನೂ ಹಿಂದಕ್ಕೆ, ಸರ್ಬಿಯಾದ ಹಳ್ಳಿಗಳಿಂದ 1725 ಮತ್ತು 1732ರಲ್ಲಿ ಆಸ್ಟ್ರಿಯದ ಅಧಿಕಾರಿಗಳು ಬರೆದು ಕಳಿಸಿದ ವರದಿಗಳಲ್ಲಿ ಗೂಟ ಇದೆ, ಬೆಂಕಿ ಇದೆ. ಬಿಸಿಲಿಗೆ ಬೂದಿಯಾಗುವ ಮಾತಿಲ್ಲ. ಹಾಗಾಗಿ 'ಸಿನಿಮಾದವರು ಹಚ್ಚಿದ್ದು' ಎಂದವರು ಗೆದ್ದರು.

ಸಿನಿಮಾ ಹಚ್ಚಿದ್ದು ಎಂಬ ಮಾತ್ರಕ್ಕೆ ಬಿಟ್ಟುಬಿಡಬೇಕಿಲ್ಲ. ಸೈನ್ಸ್ ಫಿಕ್ಷನ್ ಬರೆಯುವವರು ಕೇಳಬೇಕಾದದ್ದು 'ಇದು ಖರೆಯೋ' ಎಂದಲ್ಲ, 'ಇಲ್ಲಿ ಕೆಲಸ ಮಾಡುತ್ತಿರುವುದು ಯಾವುದು' ಎಂದು. ಬಿಸಿಲನ್ನೇ ತೆಗೆದುಕೊಳ್ಳಿ. 'ಬಫಿ ದ ವ್ಯಾಂಪೈರ್ ಸ್ಲೇಯರ್' ಸೀರಿಯಲ್‌ನಲ್ಲಿ (1997ರಿಂದ 2003, 144 ಕಂತು) ವ್ಯಾಂಪೈರ್ ಕಣ್ಣು ಮಿಟುಕಿಸುವುದರೊಳಗೆ ಬಟ್ಟೆಸಮೇತ ಧೂಳಾಗುತ್ತದೆ. 70 ಕೆಜಿ ದೇಹದಲ್ಲಿ ನೀರೇ 42 ಲೀಟರ್. ಅದನ್ನು 37 ಡಿಗ್ರಿಯಿಂದ ಕುದಿಸಿ ಪೂರ್ತಿ ಆವಿ ಮಾಡಲು ಸುಮಾರು 106 ಮೆಗಾಜೂಲ್ ಶಕ್ತಿ ಬೇಕು. ಅಡುಗೆ ಗ್ಯಾಸಿನ ಲೆಕ್ಕದಲ್ಲಿ ಎರಡೂಕಾಲು ಕೆಜಿ ಚಿಲ್ಲರೆ, ಹೆಚ್ಚೇನಲ್ಲ. ಆದರೆ ಅಷ್ಟನ್ನೂ ಒಂದೇ ಸೆಕೆಂಡಿನಲ್ಲಿ ಸುರಿಯಬೇಕೆಂದರೆ 106 ಮೆಗಾವಾಟ್ ಆಯಿತು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ 210 ಮೆಗಾವಾಟಿನ ಏಳು ಘಟಕ, 250ರದ್ದು ಒಂದು ಇವೆ. ಒಂದು ವ್ಯಾಂಪೈರ್ ಧೂಳಾಗುವ ಆ ಸೆಕೆಂಡಿಗೆ ಅಲ್ಲಿಯ ಒಂದು ಘಟಕದ ಅರ್ಧ ಉತ್ಪಾದನೆ ಬೇಕು.

ಬಿಸಿಲು ಕೊಡುವುದೆಷ್ಟು? ನೆತ್ತಿಯ ಮೇಲಿನ ಸೂರ್ಯನಿಂದ ಒಂದು ಚದರ ಮೀಟರಿಗೆ ಹೆಚ್ಚೆಂದರೆ 1000 ವಾಟ್. ಮೈಚಾಚಿ ಮಲಗಿದವನ ಮೇಲೆ ಬೀಳುವುದು 700 ವಾಟ್ ಆಸುಪಾಸು, ಅಡುಗೆಮನೆಯ ಮಿಕ್ಸರ್ ಎಳೆಯುವಷ್ಟು. ಆ ಲೆಕ್ಕದಲ್ಲಿ 42 ಲೀಟರ್ ಆವಿಯಾಗಲು, ಒಂದಿಷ್ಟೂ ಶಾಖ ಸೋರದಿದ್ದರೂ, ಸರಿಯಾಗಿ 42 ಗಂಟೆ ನಡುಹಗಲಿನ ಬಿಸಿಲು ಬೇಕು. ರಾಯಚೂರಿನ ಏಪ್ರಿಲ್ ಬಿಸಿಲೂ ಇದಕ್ಕೆ ಸಾಲದು. ಅಂದಮೇಲೆ ಬಿಸಿಲು ಇಲ್ಲಿ ಸೌದೆಯಲ್ಲ, ಬೆಂಕಿಕಡ್ಡಿ. ಸೌದೆ ವ್ಯಾಂಪೈರಿನ ಮೈಯಲ್ಲೇ ಇದೆ. ಅದು ಏನೆಂದು ನೀವು ತೀರ್ಮಾನಿಸಬೇಕು: ರಕ್ತದಲ್ಲಿ ಸೇರಿಕೊಂಡ ಯಾವುದೋ ಅಸ್ಥಿರ ವಸ್ತುವೇ, ಬೆಳಕು ತಗುಲಿದರೆ ಸರಪಳಿಯಂತೆ ಒಡೆಯುವ ಜೀವಕೋಶವೇ? ಒಮ್ಮೆ ತೀರ್ಮಾನಿಸಿದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಉದಾಹರಣೆಗೆ, ಈಗಷ್ಟೇ ರಕ್ತ ಕುಡಿದವನು ಬೇಗ ಹೊತ್ತಿಕೊಳ್ಳುತ್ತಾನೆ, ಉಪವಾಸ ಇದ್ದವನು ನಿಧಾನಕ್ಕೆ. ಇಂಥದ್ದು ಕಥೆಗೆ ಹೊಸ ದಾರಿ ತೆರೆಯುತ್ತದೆ. ಇನ್ನೊಂದು: ಮನುಷ್ಯನ ಹೆಣ ಪೂರ್ತಿ ಸುಟ್ಟರೂ 2-3 ಕೆಜಿ ಮೂಳೆಬೂದಿ ಉಳಿದೇ ಉಳಿಯುತ್ತದೆ. ಗಾಳಿಗೆ ತೂರಿಹೋಗುವ ಧೂಳು ಬೇಡ, ಬೂದಿ ಉಳಿಸಿ. ನಮ್ಮ ಸೀಮೆಗೆ ಬೂದಿಯ ಕಥೆ ಹೊಸದಲ್ಲ. ಬಳ್ಳಾರಿ ಸುತ್ತಿನ ಕುಡತಿನಿ, ಸಂಗನಕಲ್ಲಿನ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟದ್ದು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಮಾತ್ರ ಜನ ವಾಲಿಯನ್ನು ಸುಟ್ಟ ಜಾಗ ಎಂದೇ ತೋರಿಸುತ್ತಾರೆ.

ಬೆಂಕಿಕಡ್ಡಿ ಯಾವ ಬೆಳಕು ಎನ್ನುವಲ್ಲಿ ಹೆಚ್ಚಿನ ಸೀರಿಯಲ್‌ಗಳು ಎಡವುತ್ತವೆ. 'ಅಲ್ಟ್ರಾವಯಲೆಟ್ ಕಿರಣ' ಎಂದು ಒಂದು ಮಾತು ಹೇಳಿ ಮುಂದೆ ಹೋಗುತ್ತಾರೆ. ಅದರಲ್ಲಿ ಎ, ಬಿ, ಸಿ ಎಂದು ಮೂರು ಪಟ್ಟಿ. ಸಿ ಪಟ್ಟಿಯನ್ನು ಓಝೋನ್ ಪದರ ಮೇಲೆಯೇ ತಡೆಯುತ್ತದೆ. ಹಾಗಾಗಿ ವ್ಯಾಂಪೈರ್ ಸಿ-ಗೆ ಸಾಯುತ್ತದೆ ಎಂದರೆ ಆಸ್ಪತ್ರೆಯಲ್ಲಿ ಕ್ರಿಮಿ ಕೊಲ್ಲುವ 254 ನ್ಯಾನೋಮೀಟರ್ ಟ್ಯೂಬಿಗೆ ಸಾಯುತ್ತದೆ, ಬಿಸಿಲಿಗೆ ಸಾಯುವುದಿಲ್ಲ. ಬಿ ಪಟ್ಟಿಯನ್ನು ಮಾಮೂಲಿ ಕಿಟಕಿ ಗಾಜು ತಡೆಯುತ್ತದೆ, ಎ ಪಟ್ಟಿಯ ಬಹುಪಾಲನ್ನು ಬಿಟ್ಟುಕೊಡುತ್ತದೆ. ಬಸ್ಸಿನ ಮುಂದಿನ ಗಾಜು ಎರಡು ಪದರ ಅಂಟಿಸಿದ್ದು, ಎರಡನ್ನೂ ಹೆಚ್ಚುಕಡಿಮೆ ತಡೆಯುತ್ತದೆ. ಪಕ್ಕದ ಕಿಟಕಿ ಹಾಗಲ್ಲ. ಅಂದರೆ ಎ-ಗೆ ಹೊತ್ತುವ ವ್ಯಾಂಪೈರ್ ಲಿಂಗಸುಗೂರು ಬಸ್ಸಿನಲ್ಲಿ ಡ್ರೈವರ್ ಸೀಟಿನಲ್ಲಿ ಮುಂದಿನ ಬಿಸಿಲು ತಾಳಬಲ್ಲದು, ಕಿಟಕಿ ಪಕ್ಕ ಕೂರಲಾರದು.

ನೆರಳಿನ ವಿಷಯ ಇನ್ನೂ ಮುಖ್ಯ. 'ಬಫಿ'ಯ ವ್ಯಾಂಪೈರ್‌ಗಳು ಹಗಲು ನೆರಳಲ್ಲಿ ಆರಾಮಾಗಿ ನಿಲ್ಲುತ್ತವೆ, ಕಂಬಳಿ ಹೊದ್ದು ರಸ್ತೆ ದಾಟುತ್ತವೆ. ಆದರೆ ಅಲ್ಟ್ರಾವಯಲೆಟ್ ಆಕಾಶದ ತುಂಬ ಚದುರಿರುತ್ತದೆ. ಬೇವಿನ ಮರದ ನೆರಳಲ್ಲಿ ನಿಂತರೂ ತೆರೆದ ಆಕಾಶ ಕಂಡಷ್ಟು ಮೈಮೇಲೆ ಬೀಳುತ್ತದೆ. ನೆರಳು ಕಾಪಾಡುತ್ತದೆ ಎಂದು ತೋರಿಸಿದ ಕಂತು, ತನಗೆ ಗೊತ್ತಿಲ್ಲದೆಯೇ, ಕಾರಣ ಅಲ್ಟ್ರಾವಯಲೆಟ್ ಅಲ್ಲ ನೇರ ಬಿಸಿಲು ಎಂದು ಒಪ್ಪಿಕೊಂಡಂತೆ. ಎರಡರಲ್ಲಿ ಒಂದನ್ನು ಆರಿಸಿ. ನೇರ ಬಿಸಿಲನ್ನು ಆರಿಸಿದರೆ ನಿಮಗೊಂದು ಲಾಭವಿದೆ: ರಾಯಚೂರಿನಲ್ಲಿ ಮೇ 5-6ರ ಸುಮಾರಿಗೆ ಒಮ್ಮೆ, ಆಗಸ್ಟ್ 7-8ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆ ನಡುಹಗಲಿಗೆ ಗೋಡೆಗೂ ನೆರಳಿಲ್ಲ, ಕಂಬಕ್ಕೂ ನೆರಳಿಲ್ಲ. ಡ್ರಾಕುಲಾನ ಸೀಮೆಯಾದ ಟ್ರಾನ್ಸಿಲ್ವೇನಿಯಾದಲ್ಲಿ ಇಂಥ ದಿನ ವರ್ಷಪೂರ್ತಿ ಬರುವುದಿಲ್ಲ. ಕೊನೆಯ ಕಂತನ್ನು ಅಲ್ಲಿಡಬಹುದು.

ಬೆಳದಿಂಗಳ ಪ್ರಶ್ನೆಗೆ ಉತ್ತರ ಸುಲಭ. ಅದು ಸೂರ್ಯನ ಬೆಳಕೇ ಹೌದು, ಆದರೆ ಹುಣ್ಣಿಮೆಯಲ್ಲೂ ಸುಮಾರು 4 ಲಕ್ಷ ಪಾಲು ಮಂಕು. ಒಂದು ಸೆಕೆಂಡ್ ಬಿಸಿಲಲ್ಲಿ ಬೀಳುವಷ್ಟು ಬೆಳಕು ಬೆಳದಿಂಗಳಲ್ಲಿ ಬೀಳಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಕಡ್ಡಿ ಗೀರಲು ಒಂದು ಮಿತಿ ಇದ್ದರೆ ಬೆಳದಿಂಗಳು ಅದನ್ನು ಮುಟ್ಟುವುದೇ ಇಲ್ಲ. ಕಥೆಗಳ ಚರಿತ್ರೆಯಲ್ಲಂತೂ ಬೆಳದಿಂಗಳು ವ್ಯಾಂಪೈರಿನ ಶತ್ರುವಲ್ಲ, ಔಷಧ. 1819ರಲ್ಲಿ ಪ್ರಕಟವಾದ, ಪಾಲಿಡೋರಿ ಎಂಬ ಲೇಖಕನ ಕಥೆಯಲ್ಲಿ ಸತ್ತ ವ್ಯಾಂಪೈರ್ ಬೆಳದಿಂಗಳು ಬಿದ್ದು ಮತ್ತೆ ಏಳುತ್ತಾನೆ.

ರಾತ್ರಿಯ ಉದ್ದವನ್ನೂ ಗಮನಿಸಿ. ಟ್ರಾನ್ಸಿಲ್ವೇನಿಯಾದಲ್ಲಿ ಜೂನ್ ರಾತ್ರಿ ಎಂಟು ಗಂಟೆ ಚಿಲ್ಲರೆ, ಡಿಸೆಂಬರ್ ರಾತ್ರಿ ಹದಿನೈದೂವರೆ. ರಾಯಚೂರಿನಲ್ಲಿ ಅತಿ ಚಿಕ್ಕ ರಾತ್ರಿಯೂ 10 ಗಂಟೆ 55 ನಿಮಿಷ, ಅತಿ ದೊಡ್ಡದು 12 ಗಂಟೆ 50 ನಿಮಿಷ. ನಿಮ್ಮ ವ್ಯಾಂಪೈರಿಗೆ ಬೇಸಿಗೆಯ ಬರ ಇಲ್ಲ, ಚಳಿಗಾಲದ ಸುಗ್ಗಿಯೂ ಇಲ್ಲ. ಆದರೆ ನಮ್ಮಲ್ಲಿ ಸಂಜೆ ಸಣ್ಣದು: ಸೂರ್ಯ ಮುಳುಗಿ 22 ನಿಮಿಷದ ಸುಮಾರಿಗೆ ಕತ್ತಲೆ ಬೀಳುತ್ತದೆ, ಬೆಳಗೂ ಅಷ್ಟೇ ವೇಗದಲ್ಲಿ ಬರುತ್ತದೆ. ಯುರೋಪಿನ ಕಥೆಗಳ ಉದ್ದನೆಯ ಮುಸ್ಸಂಜೆಯನ್ನು ಇಲ್ಲಿಗೆ ತಂದರೆ ಕೇಳುಗರು ಒಪ್ಪುವುದಿಲ್ಲ.

ಕನ್ನಡಿ. ಅಭಿಮಾನಿಗಳ ನೆಚ್ಚಿನ ವಿವರಣೆ ಬೆಳ್ಳಿ: ಹಳೆಯ ಕನ್ನಡಿಗೆ ಬೆಳ್ಳಿ ಲೇಪ ಇತ್ತು, ಬೆಳ್ಳಿ ಪವಿತ್ರ, ಅದಕ್ಕೇ ಬಿಂಬ ಕಾಣದು ಎಂದು. ಗಾಜಿಗೆ ಬೆಳ್ಳಿ ಹಚ್ಚುವ, ರಸಾಯನಶಾಸ್ತ್ರಜ್ಞ ಲೀಬಿಗ್‌ನ ವಿಧಾನ ಬಂದದ್ದೇ 1835ರಲ್ಲಿ. ಅದಕ್ಕೂ ಮೊದಲು ತವರ-ಪಾದರಸದ ಲೇಪ, ಈಗ ಎಷ್ಟೋ ಕನ್ನಡಿಗಳಿಗೆ ಅಲ್ಯುಮಿನಿಯಂ. ಆದರೂ ಬೆಳ್ಳಿಯನ್ನೇ ಕಾರಣ ಮಾಡುವುದಾದರೆ ಕೊನೆಯವರೆಗೂ ಬದ್ಧರಾಗಿರಿ. ಹಳೆಯ ಫಿಲ್ಮ್ ರೋಲಿನಲ್ಲಿ ಬೆಳ್ಳಿಯ ಲವಣ ಇರುತ್ತದೆ, ಹಾಗಾಗಿ ಮದುವೆ ಆಲ್ಬಮ್ಮಿನಲ್ಲಿ ವ್ಯಾಂಪೈರ್ ಕಾಣುವುದಿಲ್ಲ. ಸಿಸಿಟಿವಿ ಮತ್ತು ಮೊಬೈಲಿನಲ್ಲಿ ಇರುವುದು ಸಿಲಿಕಾನ್ ಸೆನ್ಸರ್, ಅಲ್ಲಿ ಚೆನ್ನಾಗಿಯೇ ಕಾಣುತ್ತಾನೆ.

ಬೆಳಕೇ ಅವನಿಗೆ ಬಡಿದು ಹಿಂತಿರುಗುವುದಿಲ್ಲ ಎನ್ನುವ ವಿವರಣೆ ಮಾತ್ರ ನಿಲ್ಲುವುದಿಲ್ಲ. ಕಣ್ಣೂ ಒಂದು ಲೆನ್ಸೇ. ಕನ್ನಡಿಗೆ ಹೋಗದ ಬೆಳಕು ನಿಮ್ಮ ಕಣ್ಣಿಗೂ ಬರಬಾರದಲ್ಲ. ಈ ತೊಡಕನ್ನು ಚೆಂದವಾಗಿ ಬಿಡಿಸಿದ್ದು 'ಡಾಕ್ಟರ್ ಹೂ' ಸೀರಿಯಲ್ಲಿನ 2010ರ 'ದ ವ್ಯಾಂಪೈರ್ಸ್ ಆಫ್ ವೆನಿಸ್' ಕಂತು. ಅಲ್ಲಿಯವರು ವ್ಯಾಂಪೈರ್‌ಗಳೇ ಅಲ್ಲ, ಮೀನಿನಂಥ ಅನ್ಯಗ್ರಹ ಜೀವಿಗಳು. ನೋಡುವವರ ಗ್ರಹಿಕೆಯನ್ನು ತಿದ್ದುವ ಯಂತ್ರದಿಂದ ಮನುಷ್ಯರಂತೆ ಕಾಣುತ್ತಾರೆ. ಕನ್ನಡಿಯ ಬಿಂಬದಲ್ಲಿ ಏನು ತುಂಬಬೇಕೆಂದು ಮಿದುಳಿಗೆ ತೋಚದೆ ಖಾಲಿ ಬಿಡುತ್ತದೆ. ಕೋರೆಹಲ್ಲು ಕಾಣುವುದಕ್ಕೂ ಕಾರಣವಿದೆ: ಅಪಾಯ ಕಂಡಾಗ ಜೀವ ಉಳಿಸಿಕೊಳ್ಳುವ ಮಿದುಳಿನ ಹಟ ಆ ಯಂತ್ರವನ್ನು ಮೀರಿಸುತ್ತದೆ. ಒಂದೇ ಕಾರಣದಿಂದ ಎರಡು ಹಳೆಯ ನಿಯಮ ಹೊರಬಂದವು. ಇದನ್ನೇ ಕಸುಬುಗಾರಿಕೆ ಎನ್ನುವುದು.

ಆದರೆ ನಿಮ್ಮದು ಆಡಿಯೊ ನಾಟಕ, ಕನ್ನಡಿ ಕಿವಿಗೆ ಕೇಳಿಸುವುದಿಲ್ಲ. 1998ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ 'ಅಲ್ಟ್ರಾವಯಲೆಟ್' ಎಂಬ ಸೀರಿಯಲ್ ನೋಡಿ. ಅದೂ ಆರೇ ಕಂತು. ವ್ಯಾಂಪೈರ್ ಎಂಬ ಶಬ್ದವನ್ನು ಅಲ್ಲಿ ಯಾರೂ ಉಚ್ಚರಿಸುವುದಿಲ್ಲ, ಬರೀ ಒಂದು ಸಂಕೇತನಾಮ. ಅವರು ವಿಡಿಯೊದಲ್ಲಿ ಮೂಡುವುದಿಲ್ಲ. ಹಾಗಾಗಿ ಬೇಟೆಗಾರರ ಬಂದೂಕಿಗೆ ಪುಟ್ಟ ವಿಡಿಯೊ ಪರದೆ: ಕಣ್ಣಿಗೆ ಕಂಡು ಪರದೆಯಲ್ಲಿ ಕಾಣದಿದ್ದರೆ ಗುಂಡು, ಅದೂ ಇದ್ದಿಲಿನದು, ಮರದ ಗೂಟದ ಬದಲಿಗೆ. ಮುಖ್ಯವಾಗಿ, ಫೋನಿನಲ್ಲಿ ಅವರ ದನಿ ಹಾಯುವುದಿಲ್ಲ. ನಿಮಗೆ ಬೇಕಾದದ್ದು ಈ ನಿಯಮ. ಇಟ್ಟುಕೊಂಡರೆ ಅದರ ಬೆಲೆಯನ್ನೂ ತೆರಬೇಕು: ನಿಮ್ಮ ನಾಟಕವೇ ಧ್ವನಿಮುದ್ರಣ, ಕೇಳುಗರಿಗೂ ಅವನ ಮಾತು ಕೇಳಿಸಬಾರದು. ಎದುರಿಗಿದ್ದವರು ಅವನಿಗೆ ಕೊಡುವ ಉತ್ತರಗಳಿಂದಲೇ ಅವನ ಮಾತು ತಿಳಿಯಬೇಕು. ಅವನ ಸರದಿ ಬಂದಾಗ ಮೂರು ನಾಲ್ಕು ಸೆಕೆಂಡ್ ಫ್ಯಾನಿನ ಸದ್ದು, ದೂರದ ಗೂಡ್ಸ್ ಗಾಡಿಯ ಸದ್ದು ಬಿಡಿ. ಪೂರ್ತಿ ಮೌನ ಬಿಟ್ಟರೆ ಕೇಳುಗರು ನೆಟ್‌ವರ್ಕ್ ಹೋಯಿತೆಂದು ತಿಳಿಯುತ್ತಾರೆ.

ಇನ್ನು ಹೊಟ್ಟೆಯ ಲೆಕ್ಕ. ವಯಸ್ಕ ದೇಹದಲ್ಲಿ ರಕ್ತ ಸುಮಾರು 5 ಲೀಟರ್. ಅದರಲ್ಲಿ ಆಹಾರವೆಂದರೆ ಹೆಚ್ಚಾಗಿ ಪ್ರೋಟೀನು; ಲೀಟರಿಗೆ 800 ಕ್ಯಾಲೊರಿ ಎಂದಿಟ್ಟುಕೊಳ್ಳಿ. ದಿನಕ್ಕೆ 2000 ಕ್ಯಾಲೊರಿ ಬೇಕಾದವನಿಗೆ ಎರಡೂವರೆ ಲೀಟರ್ ಆಯಿತು. ಒಬ್ಬ ಮನುಷ್ಯ ಎರಡು ದಿನದ ಊಟ. ಮನುಷ್ಯನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಒಂದು-ಒಂದೂವರೆ ಲೀಟರ್, ಹಾಗಾಗಿ 'ಒಂದೇ ಗುಟುಕಿಗೆ ಬತ್ತಿಸಿದ' ಎನ್ನುವುದು ಸುಳ್ಳು. ವೇಗವನ್ನೂ ನೋಡಿ: ರಕ್ತದಾನದಲ್ಲಿ 16 ಗೇಜ್ ಸೂಜಿಯಿಂದ 350 ಮಿಲಿ ಬರಲು 6ರಿಂದ 10 ನಿಮಿಷ. ಅಷ್ಟೇ ಗಾತ್ರದ ತೂತಿನಿಂದ ಎರಡೂವರೆ ಲೀಟರಿಗೆ ಒಂದು ಗಂಟೆ ಹತ್ತಿರ. ಕತ್ತಿನ ಅಭಿಧಮನಿ ಬಿಟ್ಟು ಅಪಧಮನಿಗೆ ಕಚ್ಚಿದರೆ ಬೇಗ ಬರುತ್ತದೆ, ಆದರೆ ಚಿಮ್ಮುತ್ತದೆ, ಅಂಗಿ ಗೋಡೆ ಎಲ್ಲ ರಾಡಿ. ಕತ್ತಿನಲ್ಲಿ ಎರಡೇ ಎರಡು ಚೊಕ್ಕ ಚುಕ್ಕಿ ಉಳಿಯುವುದು ನಿಧಾನಕ್ಕೆ ಕುಡಿದವನಿಗೆ ಮಾತ್ರ.

ಬ್ಲಡ್ ಬ್ಯಾಂಕಿನಿಂದ ಕದಿಯುವ ದೃಶ್ಯ ಬರೆಯುವುದಾದರೆ ಜಾಗ್ರತೆ. ಇಂದು ದಾನದ ರಕ್ತವನ್ನು ಬಹುತೇಕ ಭಾಗ ಮಾಡಿ ಇಡುತ್ತಾರೆ: ಕೆಂಪುಕಣ 2ರಿಂದ 6 ಡಿಗ್ರಿಯಲ್ಲಿ, ಪ್ಲೇಟ್‌ಲೆಟ್ 22 ಡಿಗ್ರಿಯ ಆಸುಪಾಸಿನಲ್ಲಿ ಅಲುಗಾಡಿಸುತ್ತ ಐದು ದಿನ, ಪ್ಲಾಸ್ಮಾ ಮಂಜುಗಡ್ಡೆಯಂತೆ ಗಟ್ಟಿ ಮಾಡಿ. ಫ್ರಿಜ್ ಒಡೆದವನ ಕೈಗೆ ಸಿಗುವುದು ಪೂರ್ಣ ರಕ್ತವಲ್ಲ, ಗಟ್ಟಿ ಕೆಂಪುಕಣದ ಚೀಲ. ಪೂರ್ಣ ರಕ್ತದ 350 ಮಿಲಿ ಚೀಲ ಸಿಕ್ಕರೂ ಅದರಲ್ಲಿ ಹೆಪ್ಪುಗಟ್ಟದಂತೆ 49 ಮಿಲಿ ಸಿಟ್ರೇಟ್ ದ್ರಾವಣ ಸೇರಿರುತ್ತದೆ, ಆಯಸ್ಸು 35 ದಿನ. ಅಂಥ ಏಳು ಚೀಲಕ್ಕೂ ತುಸು ಹೆಚ್ಚು ಒಂದು ದಿನಕ್ಕೆ. ಯಾರನ್ನೂ ಕೊಲ್ಲದೆ ಒಬ್ಬ ವ್ಯಾಂಪೈರನ್ನು ಸಾಕಬೇಕೆಂದರೆ, 90 ದಿನಕ್ಕೊಮ್ಮೆ ರಕ್ತ ಕೊಡುವ 640 ಜನ ಬೇಕು. ಒಂದು ಪುಟ್ಟ ಊರು. ಈ ಅಂಕಿಯೇ ನಿಮ್ಮ ಎರಡನೇ ಕಂತಾಗಬಹುದು.

ಸೀರಿಯಲ್‌ಗಳು ಸಾಮಾನ್ಯವಾಗಿ ಮುಟ್ಟದ ಸಮಸ್ಯೆ ಕಬ್ಬಿಣ. ಎರಡೂವರೆ ಲೀಟರ್ ರಕ್ತದಲ್ಲಿ ಕಬ್ಬಿಣ ಒಂದೂಕಾಲು ಗ್ರಾಂ. ಮನುಷ್ಯನಿಗೆ ದಿನದ ಊಟದಲ್ಲಿ ಬೇಕಾದದ್ದು 20-30 ಮಿಲಿಗ್ರಾಂ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ, ಯಕೃತ್ತು ಹೃದಯಗಳಲ್ಲಿ ತುಂಬಿಕೊಂಡು ಕೊಲ್ಲುತ್ತದೆ. ಅಂದಮೇಲೆ ವ್ಯಾಂಪೈರಿಗೆ ಕಬ್ಬಿಣ ಬಿಸಾಕುವ ಒಂದು ಅಂಗ ಬೇಕು. ಬೆವರಿನಲ್ಲಿ ತುಕ್ಕು ಬರುತ್ತದೆ ಎಂದಿಡಿ. ಬೇರೆ ಊರಲ್ಲಾದರೆ ಸಿಕ್ಕಿಬೀಳುತ್ತಾನೆ. ಬಳ್ಳಾರಿ-ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಅಂಗಿ ಕೆಂಪಾಗಿದ್ದರೆ ಯಾರು ಕೇಳುತ್ತಾರೆ?

ನಿಜವಾಗಿ ರಕ್ತವನ್ನೇ ಕುಡಿದು ಬದುಕುವ ಬಾವಲಿಯಿಂದ ಕಲಿಯುವುದಿದೆ. ಅದು ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ ಮಾತ್ರ ಇದೆ. ನಮ್ಮ ಹಳೆ ಗುಡಿಗಳಲ್ಲಿ ಜೋತಾಡುವ 'ಸುಳ್ಳು ವ್ಯಾಂಪೈರ್' ಬಾವಲಿ ಹುಳು, ಕಪ್ಪೆ, ಹಲ್ಲಿ ತಿನ್ನುವಂಥದ್ದು, ರಕ್ತ ಹೀರುವುದಿಲ್ಲ. ಅಮೆರಿಕದ ಬಾವಲಿ 25ರಿಂದ 40 ಗ್ರಾಂ ತೂಗುತ್ತದೆ, ಒಂದೂಟಕ್ಕೆ 20 ಮಿಲಿ ಹತ್ತಿರ ಕುಡಿಯುತ್ತದೆ. ಹೀರುವುದಿಲ್ಲ, ಮುಂಬಲ್ಲಿನಿಂದ ಚರ್ಮ ಕೆರೆದು ನೆಕ್ಕುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದರ ಎಂಜಲಿನಲ್ಲಿರುವ ಪ್ರೋಟೀನಿಗೆ ವಿಜ್ಞಾನಿಗಳು 'ಡ್ರಾಕುಲಿನ್' ಎಂದೇ ಹೆಸರಿಟ್ಟಿದ್ದಾರೆ. ಕುಡಿಯಲು ತೊಡಗಿದ ಕೆಲವೇ ನಿಮಿಷಕ್ಕೆ ಮೂತ್ರ ಮಾಡತೊಡಗುತ್ತದೆ, ಇಲ್ಲದಿದ್ದರೆ ನೀರಿನ ಭಾರಕ್ಕೆ ಹಾರಲಾಗದು. ಎರಡು ಮೂರು ದಿನ ಊಟ ತಪ್ಪಿದರೆ ಸಾಯುತ್ತದೆ; ಅದಕ್ಕೇ ಹೊಟ್ಟೆ ತುಂಬಿದ್ದು ಹಸಿದದ್ದಕ್ಕೆ ಕಕ್ಕಿ ಕೊಡುತ್ತದೆ. ಶತಮಾನಗಟ್ಟಲೆ ಒಂಟಿಯಾಗಿ ಕೋಟೆಯಲ್ಲಿ ಕೂತ ಜಮೀನ್ದಾರನಿಗಿಂತ, ಪರಸ್ಪರ ಸಾಲ ಕೊಟ್ಟು ಬದುಕುವ ಗುಂಪು ಜೀವಶಾಸ್ತ್ರಕ್ಕೆ ಹತ್ತಿರ.

ಕಚ್ಚಿಸಿಕೊಂಡವರೆಲ್ಲ ವ್ಯಾಂಪೈರ್ ಆಗುತ್ತಾರೆ ಎನ್ನುವ ನಿಯಮವನ್ನು ಮಾತ್ರ ಖಂಡಿತ ಬಿಡಿ. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ 2.3 ಲಕ್ಷದ ಆಸುಪಾಸು. ದಿನಕ್ಕೊಬ್ಬರಂತೆ ಕಚ್ಚಿದರೆ ಸಂಖ್ಯೆ ದಿನವೂ ಇಮ್ಮಡಿ. 18ನೇ ಸಲ 2,62,144. ಅಮಾವಾಸ್ಯೆಗೆ ಶುರುವಾದದ್ದು ಹುಣ್ಣಿಮೆ ಕಳೆದು ಮೂರು ದಿನಕ್ಕೆ ಊರನ್ನೇ ಮುಗಿಸುತ್ತದೆ. ದೇವೀ ಮಾಹಾತ್ಮ್ಯೆಯ ರಕ್ತಬೀಜನದೂ ಇದೇ ಗಣಿತ: ಬಿದ್ದ ಹನಿಗೊಬ್ಬ ರಾಕ್ಷಸ. ಅದನ್ನು ನಿಲ್ಲಿಸಲು ಹನಿ ನೆಲಕ್ಕೆ ಬೀಳುವ ಮೊದಲೇ ಕಾಳಿ ಕುಡಿಯಬೇಕಾಯಿತು. 'ಬಫಿ'ಯವರು ಬೇರೆ ಬೀಗ ಹಾಕಿದರು: ವ್ಯಾಂಪೈರ್ ನಿಮ್ಮ ರಕ್ತ ಕುಡಿದರೆ ಸಾಲದು, ನೀವೂ ಅದರ ರಕ್ತ ಕುಡಿಯಬೇಕು. ಇದರಿಂದ ಸಂಖ್ಯೆ ಹಿಡಿತದಲ್ಲಿರುತ್ತದೆ, ಜೊತೆಗೆ ಪ್ರತಿ ಹೊಸ ವ್ಯಾಂಪೈರಿನ ಹಿಂದೆ ಯಾರೋ ಆರಿಸಿದ ಕಾರಣ ಇರುತ್ತದೆ.

ಪೋರ್ಫೈರಿಯಾ ಎಂದ ಗೆಳೆಯರಿಗೆ ಬೇಸರವಾಗಬಹುದು. 1985ರಲ್ಲಿ ಡೇವಿಡ್ ಡಾಲ್ಫಿನ್ ಎಂಬ ರಸಾಯನಶಾಸ್ತ್ರಜ್ಞ ಮುಂದಿಟ್ಟ ಈ ಊಹೆಯ ತಿರುಳು: ರೋಗಿಗಳ ಚರ್ಮ ಬಿಸಿಲಿಗೆ ಸುಡುತ್ತದೆ, ಹಾಗಾಗಿ ಅವರೇ ವ್ಯಾಂಪೈರ್ ಕಥೆಗೆ ಮೂಲ. ಬಿಸಿಲಿನ ನಿಯಮವೇ 1922ರ ಚಿತ್ರದ್ದು ಎಂದು ಮೇಲೆ ನೋಡಿದೆವಲ್ಲ. ಚಿತ್ರದ ಕಲ್ಪನೆಗೆ ಎರಡು ಶತಮಾನ ಹಿಂದಿನ ಹಳ್ಳಿಗರಲ್ಲಿ ರೋಗ ಹುಡುಕಿದಂತಾಯಿತು. ರಕ್ತ ಕುಡಿದರೆ ಆ ರೋಗ ಶಮನವಾಗುವುದೂ ಇಲ್ಲ. ನಿಜವಾದ ರೋಗಿಗಳ ಮೇಲೆ ಈ ಮಾತು ಹೊರಿಸುವುದು ಅನ್ಯಾಯ. ನಿಮ್ಮ ನಾಟಕದಲ್ಲಿ ದಯವಿಟ್ಟು ಬೇಡ. 1998ರಲ್ಲಿ ಸ್ಪೇನಿನ ವೈದ್ಯರೊಬ್ಬರು ರೇಬಿಸ್ ಕಡೆ ಬೆರಳು ತೋರಿದ್ದು ಇದಕ್ಕಿಂತ ಮೇಲು: ಕಡಿತ, ನಿದ್ದೆಗೇಡು, ಘಾಟು ವಾಸನೆ ತಡೆಯಲಾಗದಿರುವುದು ಅಲ್ಲಿವೆ. ಆದರೂ ಹೆಣದ ಪ್ರಶ್ನೆ ಉಳಿಯುತ್ತದೆ.

ಹೆಣವೇ ನಿಜವಾದ ಮೂಲ. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬವನ ಗೋರಿ ತೆಗೆದಾಗ ಬಾಯಲ್ಲಿ ಹಸಿ ರಕ್ತ, ಹೊಸ ಚರ್ಮ, ಹೊಸ ಉಗುರು ಕಂಡವು. ಇದು ಮಾಮೂಲಿ ಕೊಳೆಯುವಿಕೆ. ಹೊಟ್ಟೆಯಲ್ಲಿ ಅನಿಲ ತುಂಬಿ ಹೆಣ ಉಬ್ಬುತ್ತದೆ, 'ಮೈ ತುಂಬಿಕೊಂಡ' ಹಾಗೆ ಕಾಣುತ್ತದೆ. ಆ ಒತ್ತಡಕ್ಕೆ ಕೆಂಪು ದ್ರವ ಬಾಯಿ ಮೂಗಿಗೆ ಬರುತ್ತದೆ. ಮೇಲ್ಚರ್ಮ, ಉಗುರು ಕಳಚಿದಾಗ ಕೆಳಗಿನ ಹಸಿ ಪದರ ಹೊಸದೆನಿಸುತ್ತದೆ. ಗೂಟ ಹೊಡೆದರೆ ಅನಿಲ ಗಂಟಲಿನಿಂದ ನುಗ್ಗಿ ನರಳಿದ ಸದ್ದು. ತಣ್ಣನೆಯ ಮಣ್ಣಿನಲ್ಲಿ ಇದೆಲ್ಲ ವಾರಗಟ್ಟಲೆ ಎಳೆಯುತ್ತದೆ. 1755ರಲ್ಲಿ ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ವಾನ್ ಸ್ವೀಟನ್ ಮೂಲಕ ವಿಚಾರಣೆ ಮಾಡಿಸಿ, ಹೆಣ ತೆಗೆದು ಗೂಟ ಹೊಡೆಯುವುದನ್ನು ನಿಷೇಧಿಸಿದಳು.

ಹಾಗಾದರೆ ನಮ್ಮಲ್ಲಿ ಯಾಕಿಲ್ಲ? 'ಸುಡುತ್ತೇವೆ' ಎಂಬುದು ಉತ್ತರವಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಲಿಂಗಾಯತರು ಕೂರಿಸಿ ಹೂಳುತ್ತಾರೆ, ಮುಸ್ಲಿಮರು ಹೂಳುತ್ತಾರೆ, ಇನ್ನೂ ಎಷ್ಟೋ ಸಮುದಾಯಗಳು ಹೂಳುತ್ತವೆ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಗೋರಿಗಳ ಊರೇ ಇದೆ, ಚಪ್ಪಡಿಯಲ್ಲಿ ದುಂಡನೆಯ ಕಿಂಡಿಸಮೇತ. ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ನಮ್ಮಲ್ಲಿ ಇಲ್ಲದ್ದು ಹೂಳುವ ಪದ್ಧತಿಯಲ್ಲ, ಹೂತವರನ್ನು ತೆಗೆದು ನೋಡುವ ಪದ್ಧತಿ. ನೋಡದವರಿಗೆ ಬಾಯ ರಕ್ತ ಕಾಣುವುದಿಲ್ಲ. ನಮ್ಮ ಬೇತಾಳನೂ ವ್ಯಾಂಪೈರ್ ಅಲ್ಲ: ಅವನು ಹೆಣವನ್ನು ಹೊಕ್ಕು ಮಾತಾಡುತ್ತಾನೆ, ಒಗಟು ಹಾಕುತ್ತಾನೆ. 1870ರಲ್ಲಿ ಬರ್ಟನ್ ಎಂಬ ಇಂಗ್ಲಿಷಿನವ ಆ ಕಥೆಗಳನ್ನು ಅನುವಾದಿಸಿ 'ವ್ಯಾಂಪೈರ್' ಎಂದು ಹೆಸರಿಟ್ಟಿದ್ದರಿಂದ ಈ ಗೊಂದಲ.

ನಮ್ಮದೇ ಆದ ಒಂದು ನಿಯಮ ಮಾತ್ರ ಯುರೋಪಿನದಕ್ಕೆ ಸರಿಸಾಟಿ. ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟಲಾರದು ಎಂಬುದು ಅಲ್ಲಿಯದು. 'ಬಫಿ' ಮತ್ತು ಅದರಿಂದ ಹುಟ್ಟಿದ 'ಏಂಜೆಲ್' ಸೀರಿಯಲ್ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತವೆ, ಮನೆಯಲ್ಲಿದ್ದವರು ಸತ್ತರೆ ತಡೆ ಕಳಚುತ್ತದೆ. ಇಲ್ಲಿ, 1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ರಾತ್ರಿ ಗುರುತಿನವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ. ಎರಡನ್ನೂ ಕೂಡಿಸಿ ನೋಡಿ: 'ಬಾ' ಎಂಬುದು ಆಹ್ವಾನವೇ! 'ನಾಳೆ' ಎಂಬ ಒಂದೇ ಪದ ಅದನ್ನು ತಡೆದಿದೆ. ಮಳೆಗೆ ಸುಣ್ಣ ಕರಗಿ ಬರೀ 'ಬಾ' ಉಳಿದ ಬಾಗಿಲು ನಿಮ್ಮ ಮೂರನೇ ಕಂತು.

ಶಿಲುಬೆಗೆ ಹೆದರುವ ನಿಯಮವನ್ನು ರಾಯಚೂರಿಗೆ ಹೇಗೆ ತರುವುದು ಎಂದು ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಬಂದೇ ಬರುತ್ತದೆ. 'ಡಾಕ್ಟರ್ ಹೂ'ನ 1989ರ 'ದ ಕರ್ಸ್ ಆಫ್ ಫೆನ್ರಿಕ್' ದಾರಿ ತೋರುತ್ತದೆ. ಅಲ್ಲಿ ತಡೆಯುವುದು ವಸ್ತುವಲ್ಲ, ಹಿಡಿದವರ ನಂಬಿಕೆ. ನಂಬಿಕೆ ಕಳೆದುಕೊಂಡ ಪಾದ್ರಿ ಸೋಲುತ್ತಾನೆ. ಕ್ರಾಂತಿಯನ್ನು ನಂಬಿದ ಸೋವಿಯತ್ ಅಧಿಕಾರಿ ತನ್ನ ಕೆಂಪು ನಕ್ಷತ್ರ ಹಿಡಿದು ಗೆಲ್ಲುತ್ತಾನೆ. ಇಷ್ಟಲಿಂಗ, ದರ್ಗಾದ ತಾಯಿತ, ಹುಲಿಗೆಮ್ಮನ ಭಂಡಾರ, ಯೂನಿಯನ್ನಿನ ಬಾವುಟ: ಯಾವುದಾದರೂ ಸರಿ, ಹಿಡಿದವರು ಮನಸಾರೆ ನಂಬಿರಬೇಕು. ಯಾರ ದೇವರೂ ಸಣ್ಣದಾಗುವುದಿಲ್ಲ.

ಬಳ್ಳೊಳ್ಳಿಯ ಬಗ್ಗೆ ಒಂದೇ ಮಾತು. ಇಡೀ ಗಡ್ಡೆಯ ಹಾರದಲ್ಲಿ ಘಾಟು ಕೊಡುವ ಅಲಿಸಿನ್ ಇರುವುದೇ ಇಲ್ಲ ಎನ್ನಬಹುದು. ಎಸಳು ಜಜ್ಜಿದಾಗ ಎರಡು ವಸ್ತು ಬೆರೆತು ಹುಟ್ಟುತ್ತದೆ, ಮೊದಲೇ ಬೇಯಿಸಿದರೆ ಹುಟ್ಟುವುದಿಲ್ಲ. 'ಅಲ್ಟ್ರಾವಯಲೆಟ್' ಸೀರಿಯಲ್ ಹಾರದ ಬದಲು ಅಲಿಸಿನ್ ಅನಿಲದ ಗ್ರೆನೇಡ್ ಬಳಸಿತು. ನಿಮ್ಮಲ್ಲಿ ಹಾರ ಬೇಡ, ಒರಳು ಮತ್ತು ಹಸಿ ಬಳ್ಳೊಳ್ಳಿ ಖಾರ ಸಾಕು.

ಕಿವಿಗೆ ಹೇಳಿ ಮಾಡಿಸಿದ ನಿಯಮ ಕಾಳು ಎಣಿಸುವುದು. ಗೋರಿಯ ಮೇಲೆ, ಹಾದಿಯಲ್ಲಿ ಗಸಗಸೆ ಅಥವಾ ಸಿರಿಧಾನ್ಯ ಚೆಲ್ಲಿದರೆ ವ್ಯಾಂಪೈರ್ ಒಂದೊಂದನ್ನೂ ಎಣಿಸದೆ ಮುಂದೆ ಹೋಗಲಾರದು ಎಂಬುದು ಪೂರ್ವ ಯುರೋಪಿನ ಹಳೆಯ ನಂಬಿಕೆ. 'ದಿ ಎಕ್ಸ್-ಫೈಲ್ಸ್'ನ 1998ರ 'ಬ್ಯಾಡ್ ಬ್ಲಡ್' ಕಂತು ಇದಕ್ಕೆ ಸೂರ್ಯಕಾಂತಿ ಬೀಜ ಚೆಲ್ಲಿತು. ನಮ್ಮಲ್ಲಿ ಏನು ಚೆಲ್ಲಬೇಕು? ಜೋಳದ ಸಾವಿರ ಕಾಳು 30 ಗ್ರಾಂ ಆಸುಪಾಸು. ಸೆಕೆಂಡಿಗೊಂದರಂತೆ ಎಣಿಸಿದರೆ ಡಿಸೆಂಬರಿನ ಉದ್ದ ರಾತ್ರಿಗೆ ಒಂದೂವರೆ ಕೆಜಿ ಬೇಕು. ನವಣೆಯ ಸಾವಿರ ಕಾಳು ಮೂರು ಗ್ರಾಮಿಗಿಂತ ಕಡಿಮೆ, 150 ಗ್ರಾಮಿನಲ್ಲೇ 50 ಸಾವಿರಕ್ಕೂ ಹೆಚ್ಚು. ಹಿಡಿ ನವಣೆಯನ್ನು ಮೈಕಿನಿಂದ ಒಂದು ಗೇಣು ದೂರದಲ್ಲಿ ತಗಡಿನ ತಟ್ಟೆಗೆ ಸುರಿದು ರೆಕಾರ್ಡ್ ಮಾಡಿ, ಆಮೇಲೆ ಒಂದೊಂದೇ ಕಾಳನ್ನು ಸೆಕೆಂಡಿಗೊಮ್ಮೆ ಬೀಳಿಸಿ ಬೇರೆ ರೆಕಾರ್ಡ್ ಮಾಡಿ. ಕಂತಿನ ಉದ್ದಕ್ಕೂ ಆ ಟಿಕ್ ಸದ್ದು ಹಿಂದೆ ಇರಲಿ. ಮಾತಿಲ್ಲದ ವ್ಯಾಂಪೈರ್ ಕೋಣೆಯಲ್ಲೇ ಇದ್ದಾನೆಂದು ಕೇಳುಗರಿಗೆ ಗೊತ್ತಾಗುವುದು ಅದರಿಂದಲೇ, ಮತ್ತು ಅದು ನಿಂತಾಗ.